ಒಗೆಯದ ಅಂಗಿ

ಅಪ್ಪನಿಗೆ ಹಾಕಲು ಮನೆಯಲ್ಲಿ ಒಂದು ನೆಟ್ಟಗಿನ ಅಂಗಿಯೂ ಇರಲಿಲ್ಲ.

ಮಗಳು ಬೀರುವಿನ ಕೊನೆಯ ಅರೆಯನ್ನೂ ನೆಲಕ್ಕೆ ಸುರಿದಳು. ಸಿಕ್ಕಿದ್ದು ಕೆಲಸದ ಅಂಗಿಗಳು ಎರಡು. ಒಂದರ ಕಾಲರ್ ಹರಿದಿತ್ತು, ಇನ್ನೊಂದಕ್ಕೆ ಗುಂಡಿಗಳೇ ಇರಲಿಲ್ಲ. ನಿನ್ನೆ ಅಂಗಡಿಯಲ್ಲಿ ಕುಸಿದು ಬಿದ್ದಾಗ ಮೈಮೇಲಿದ್ದದ್ದನ್ನು ಡಾಕ್ಟರು ಕತ್ತರಿಸಿ ತೆಗೆದಿದ್ದರು. ಈಗ ಮುಂದಿನ ಕೋಣೆಯ ಮಂಚದ ಮೇಲೆ ಅವನು ಆಸ್ಪತ್ರೆಯ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಸ್ಮಶಾನಕ್ಕೆ ಒಯ್ಯುವ ಗಾಡಿ ನಾಲ್ಕು ಗಂಟೆಗೆ ಬರುವುದಿತ್ತು.

"ಸಿಕ್ತೇನೇ?" ಅಪ್ಪನ ತಂಗಿ, ಅವಳ ಅತ್ತೆ, ಬಾಗಿಲಲ್ಲಿ ನಿಂತು ಕೇಳಿದಳು.

"ಎಲ್ಲಿಂದ ಸಿಗುತ್ತೆ? ಇದ್ದಬದ್ದದ್ದನ್ನೆಲ್ಲ ನಾಯಿಗಳಿಗೆ ಕೊಟ್ಟು ಕೂತಿದ್ದಾನೆ."

"ಹೋದವನನ್ನ ಹಾಗೆಲ್ಲ ಅನ್ನಬೇಡ ಕಣೇ."

"ಇದ್ದಾಗಲೂ ಅಂದಿದ್ದೀನಿ. ಅವನಿಗೇನೂ ಹೊಸದಲ್ಲ."

ಅಪ್ಪ ಬೀಗ ರಿಪೇರಿ ಮಾಡುತ್ತಿದ್ದ. ಊರಿಗೆಲ್ಲ ಬೀಗದಣ್ಣ. ಇಪ್ಪತ್ತೈದು ವರ್ಷಗಳಲ್ಲಿ ಹದಿನೆಂಟು ಬೀದಿ ನಾಯಿಮರಿಗಳನ್ನು ಎತ್ತಿ ತಂದಿದ್ದ. ಮೋರಿಯಿಂದ, ಲಾರಿಯ ಅಡಿಯಿಂದ, ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲಿಂದ. ಎರಡು ಮೂರು ತಿಂಗಳು ಸಾಕಿ, ಹುಣ್ಣು ವಾಸಿಮಾಡಿ, ಒಂದು ಕಾಯಂ ಮನೆ ಹುಡುಕಿ ದಾಟಿಸುತ್ತಿದ್ದ. ಕೊಡುವಾಗ ಮರಿಯ ಜೊತೆಗೆ ತಾನು ಮೂರು ದಿನ ಮೈಮೇಲೆ ಹಾಕಿಕೊಂಡ ಅಂಗಿಯನ್ನು ಒಗೆಯದೆ ಕೊಡುತ್ತಿದ್ದ. ಹೊಸ ಮನೆಯಲ್ಲಿ ಮರಿ ಅದರ ಮೇಲೆ ಮೂತಿ ಇಟ್ಟು ಮಲಗುತ್ತದಂತೆ, ಅಳುವುದಿಲ್ಲವಂತೆ. ಹೀಗೆ ಹದಿನೆಂಟು ಅಂಗಿಗಳು ಊರು ಸೇರಿದ್ದವು. ಹತ್ತೊಂಬತ್ತನೆಯ ಮರಿ ಈಗ ಅಡುಗೆಮನೆಯಲ್ಲಿ, ರಟ್ಟಿನ ಡಬ್ಬದೊಳಗಿತ್ತು.

ಜನ ಬರುವ ಮೊದಲು ಅದನ್ನು ಹಿತ್ತಲಿಗೆ ಹಾಕಬೇಕೆಂದು ಅವಳು ಡಬ್ಬ ಎಳೆದಳು. ಮರಿ ತಲೆ ಎತ್ತಿತು. ಅದರ ಹೊಟ್ಟೆಯ ಕೆಳಗೆ ತೆಳು ನೀಲಿ ಗೆರೆಯ ಕೆನೆಬಣ್ಣದ ಬಟ್ಟೆ ಕಂಡಿತು. ಅವಳಿಗೆ ಗುರುತು ಹತ್ತಲು ಒಂದು ಕ್ಷಣವೂ ಬೇಕಾಗಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಮೊದಲ ಸಂಬಳದಲ್ಲಿ ಅವನಿಗೆ ತಂದುಕೊಟ್ಟ ಅಂಗಿ ಅದು. "ಚೆನ್ನಾಗಿದೆ, ಎತ್ತಿಡ್ತೀನಿ" ಅಂದಿದ್ದ. ಅವನು ಅದನ್ನು ಹಾಕಿದ್ದನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

"ಬಿಡು," ಅಂದಳು.

ಮರಿ ಇನ್ನೊಂದು ತುದಿಯನ್ನು ಕಚ್ಚಿ ಹಿಡಿಯಿತು. ಆಟವೆಂದುಕೊಂಡು ಬಾಲ ಆಡಿಸಿತು. ಅವಳು ಹಲ್ಲು ಕಚ್ಚಿ ಎಳೆದಳು. ಮೂರು ತಿಂಗಳ ಮರಿಯೊಂದಿಗೆ ಮೂವತ್ತನಾಲ್ಕು ವರ್ಷದ ಹೆಂಗಸು ಅಂಗಿಗಾಗಿ ಜಗ್ಗಾಡಿದಳು, ಗೆದ್ದಳು.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ದಿನಕ್ಕೆ ನಾನೂರು ಹಾಸುಗಳು ಅವಳ ಕಣ್ಣೆದುರು ಬಿಳಿಯಾಗುತ್ತಿದ್ದವು. ದುಃಖವಾದರೂ ಸಿಟ್ಟು ಬಂದರೂ ಅವಳ ಕೈ ಬಕೆಟ್ ಹುಡುಕುತ್ತಿತ್ತು. ಪ್ರತಿ ಭಾನುವಾರ ಇಲ್ಲಿಗೆ ಬಂದು ಎಲ್ಲ ಒಗೆದು ಹೋಗುತ್ತಿದ್ದಳು. ಈ ದಿನವೂ ಬೆಳಗ್ಗೆ ಏಳಕ್ಕೇ ಅಪ್ಪನ ಹಾಸು ಹೊದಿಕೆಯೆಲ್ಲ ಒಗೆದು ತಂತಿಗೆ ಹಾಕಿದ್ದಳು. ಈಗ ಅಂಗಿಗೂ ಎರಡು ಸಲ ಸೋಪು ಹಾಕಿದಳು. ಕಾಲರಿನ ಕೊಳೆಯನ್ನು ಬ್ರಷ್ಷಿನಿಂದ ತಿಕ್ಕಿದಳು. ಬಿಸಿಲಲ್ಲಿ ಅರ್ಧ ಒಣಗಿಸಿ, ಇಸ್ತ್ರಿಯಲ್ಲಿ ಇನ್ನರ್ಧ ಒಣಗಿಸಿ, ಅತ್ತೆಯ ಸಹಾಯದಿಂದ ಅಪ್ಪನಿಗೆ ತೊಡಿಸಿದಳು.

"ಈಗ ಮನುಷ್ಯನ ಹಾಗೆ ಕಾಣ್ತಾನೆ," ಅಂದಳು ಅತ್ತೆ.

ಅಡುಗೆಮನೆಯಲ್ಲಿ ಮರಿ ಬರಿ ರಟ್ಟನ್ನು ಕೆರೆಯುತ್ತಿತ್ತು.

*

ಅವಳಿಗೆ ಒಂಬತ್ತು ತುಂಬಿದ ವರ್ಷ ಅಮ್ಮ ತೀರಿಕೊಂಡಳು. ಮರುತಿಂಗಳು ಅಪ್ಪ ಅವಳನ್ನು ಟ್ರಂಕಿನ ಸಮೇತ ಅತ್ತೆಯ ಮನೆಗೆ ಕರೆತಂದ. ಗೇಟಿನ ಹೊರಗೇ ನಿಂತು ಟ್ರಂಕಿನ ಕೀಲಿಯನ್ನು ಅತ್ತೆಯ ಕೈಗಿಟ್ಟ. ಯಾವ ಕೋಣೆಯಲ್ಲಿ ಮಲಗುತ್ತಾಳೆ, ಯಾರ ಪಕ್ಕ ಮಲಗುತ್ತಾಳೆ, ಒಂದನ್ನೂ ಕೇಳಲಿಲ್ಲ. "ಅಂಗಡಿ ತೆರೀಬೇಕು" ಎಂದು ಹೊರಟುಹೋದ.

ಅತ್ತೆ ಕೆಟ್ಟವಳಲ್ಲ. ಊಟಕ್ಕೆ ಕಡಿಮೆ ಮಾಡಲಿಲ್ಲ, ಕೆಲಸಕ್ಕೂ ಕಡಿಮೆ ಮಾಡಲಿಲ್ಲ. ಶಾಲೆಗೆ ಹೋಗುವ ಮುಂಚೆ ಜಗಲಿ ಒರೆಸುವುದು ಅವಳ ಪಾಲಿನದು. ಕಡುನೀಲಿ ಚೌಕಳಿಯ ಒಂದು ದಪ್ಪ ಬಟ್ಟೆಯಲ್ಲಿ ಎರಡು ವರ್ಷ ಒರೆಸಿದಳು, ಅದು ಎಳೆ ಎಳೆಯಾಗುವವರೆಗೆ.

ಅವಳು ಅತ್ತೆಯ ಮನೆ ಸೇರಿದ ತಿಂಗಳಿಗೇ ಅಪ್ಪನ ಮನೆಗೆ ಮೊದಲ ನಾಯಿಮರಿ ಬಂತೆಂದು ಯಾರೋ ಹೇಳಿದರು. ಅವಳು ಅದರ ಬಣ್ಣ ಕೇಳಿದಳು. ಕಂದು ಎಂದರು. ಅವತ್ತಿನಿಂದ ಕಂದು ಬಣ್ಣ ಅವಳಿಗೆ ಆಗಿಬರಲಿಲ್ಲ.

*

ಹನ್ನೊಂದಕ್ಕೆ ಜನ ಸೇರತೊಡಗಿದರು. ಬಂದವರಲ್ಲಿ ಬಂಧುಗಳಿಗಿಂತ ನಾಯಿ ಸಾಕುವವರೇ ಹೆಚ್ಚು. ಶಾಲಾ ವ್ಯಾನ್ ಓಡಿಸುವ ಹೆಂಗಸು ಮಂಚದ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ಗೋಡೆಗೊರಗಿ ಅವಳನ್ನೇ ನೋಡಿದಳು. ತನ್ನ ಕಣ್ಣಲ್ಲಿ ಇನ್ನೂ ನೀರು ಬಂದಿರಲಿಲ್ಲ. ಇವಳಿಗೆ ಬಂದಷ್ಟಾದರೂ ಬರಬಾರದೆ?

"ಮರಿ ಕೊಡೋ ಮುಂಚೆ ನಮ್ಮನೆಗೆ ಮೂರು ಸಲ ಬಂದಿದ್ರು," ವ್ಯಾನಿನವಳು ಮೂಗು ಒರೆಸಿಕೊಂಡಳು. "ಒಂದು ಸಲ ಹೇಳಿ ಬಂದ್ರು. ಒಂದು ಸಲ ಹೇಳದೆ ಬಂದ್ರು. ಇನ್ನೊಂದು ಸಲ ಸರಿಯಾಗಿ ಊಟದ ಹೊತ್ತಿಗೆ ಬಂದ್ರು. ಯಾರಿಗೆ ಮೊದಲು ಬಡಿಸ್ತೀರಿ, ಮಕ್ಕಳು ಜಗಳ ಆಡ್ತಾರಾ, ಎಲ್ಲ ನೋಡಿದ್ರು."

"ನನ್ನ ಅಂಗಡಿ ಪಕ್ಕದಲ್ಲೇ ಇದ್ರೂ ನನಗೆ ಒಂದು ಮರಿ ಕೊಡ್ಲಿಲ್ಲ," ಅಂದ ಪೇಂಟ್ ಅಂಗಡಿಯವನು. ಅಪ್ಪ ಬಿದ್ದಾಗ ಮೊದಲು ಓಡಿಬಂದವನು ಅವನೇ. "ಮೂವತ್ತು ವರ್ಷದ ಸ್ನೇಹ. ನೀನು ಹೆಂಡತಿ ಹತ್ರ ಗಟ್ಟಿಯಾಗಿ ಮಾತಾಡ್ತೀಯ, ಮರಿ ಹೆದರುತ್ತೆ ಅಂದ!"

"ಸುಳ್ಳೇನಿದೆ ಅದರಲ್ಲಿ?" ಅವನ ಹೆಂಡತಿ ಕೇಳಿದಳು.

ಎರಡು ಮೂರು ಜನ ನಕ್ಕರು, ಮಂಚದ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

"ಅಂಥ ಅಪ್ಪ ಸಿಗೋಕೆ ಪುಣ್ಯ ಮಾಡಿದ್ರಿ," ಎಂದು ವ್ಯಾನಿನವಳು ಮಗಳ ಕೈ ಹಿಡಿದಳು.

ಮಗಳು ಕೈ ಬಿಡಿಸಿಕೊಂಡಳು. "ನನಗೆ ಗಂಡು ಗೊತ್ತುಮಾಡಿದಾಗ ಆ ಮನೆಗೆ ಒಂದು ಸಲ ಹೋಗಿದ್ದ. ಕಾಲು ಗಂಟೆ. ಅರ್ಧ ಲೋಟ ಟೀ ಬಿಟ್ಟು, ಒಪ್ಪಿಗೆ ಕೊಟ್ಟು ಎದ್ದುಬಂದ. ನಿಮ್ಮ ನಾಯಿ ಪುಣ್ಯ ಮಾಡಿದೆ."



*

ಹದಿನೈದಕ್ಕೆ ಅವಳು ಅಪ್ಪನ ಮನೆಗೆ ವಾಪಸು ಬಂದಿದ್ದಳು. ಬಂದ ದಿನ ಹಿಂದಿನ ಕೋಣೆಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ಅಡುಗೆಮನೆಯಿಂದ ಅವನ ದನಿ ಕೇಳಿಸಿತು.

"ಮರೀ, ಊಟಕ್ಕೆ ಬಾ."

ಚಿಕ್ಕಂದಿನಲ್ಲಿ ಅವನು ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಅದನ್ನು ಕೇಳಿ ಆರು ವರ್ಷಗಳಾಗಿದ್ದವು. "ಬಂದೆ ಅಪ್ಪಾ" ಎಂದು ಓಡಿದಳು. ಅಪ್ಪ ನೆಲದ ಮೇಲೆ ಕೂತಿದ್ದ, ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಒಂದು ಮೂತಿ. ಅವನು ಯಾವ ನಾಯಿಗೂ ಹೆಸರಿಡುತ್ತಿರಲಿಲ್ಲ. ಹೆಸರಿಡುವುದು ಕಾಯಂ ಮನೆಯವರ ಹಕ್ಕಂತೆ. ಎಲ್ಲವೂ ಮರಿಯೇ.

"ನೀನೂ ಕೂತ್ಕೋ," ಅಂದ.

ನೀನೂ. ಆ ಒಂದು ಮಾತು ಅವಳ ಮೈಯಲ್ಲಿ ಮುಳ್ಳಿನ ಹಾಗೆ ಉಳಿದುಹೋಯಿತು.

*

ಮೂರೂವರೆಗೆ ಮೀಟರ್ ಓದುವವನು ಬಂದ. ಮನೆ ಮನೆಗೆ ಹೋಗಿ ಕರೆಂಟಿನ ಲೆಕ್ಕ ಬರೆದುಕೊಳ್ಳುವ ಬಡಕಲು ಮನುಷ್ಯ. ಮೀನಖಂಡದಲ್ಲಿ ನಾಯಿ ಕಚ್ಚಿದ ಹಳೆಯ ಗುರುತು. ಹತ್ತೊಂಬತ್ತನೆಯ ಮರಿಯನ್ನು ಕೇಳಿದ್ದವನು ಅವನೇ. ಚಪ್ಪಲಿ ಬಿಟ್ಟು ಒಳಗೆ ಬಂದವನು ಮಂಚದ ಮುಂದೆ ತುಂಬ ಹೊತ್ತು ನಿಂತ. ಮಗಳು ಅವನನ್ನು ಅಡುಗೆಮನೆಗೆ ಕರೆದಳು.

"ಒಳ್ಳೇ ಹೊತ್ತಿಗೆ ಬಂದ್ರಿ. ತಗೊಂಡು ಹೋಗಿ ಇದನ್ನ. ಈಗಲೇ."

ಅವನು ಡಬ್ಬ ಮುಟ್ಟಲಿಲ್ಲ. "ಹಾಗಲ್ಲಮ್ಮ. ನಿಮ್ಮಪ್ಪ ನಮ್ಮನೆಗೆ ಎರಡೇ ಸಲ ಬಂದಿದ್ರು. ಗೇಟಿನ ಚಿಲಕ ಕೆಳಗಿದೆ, ಮರಿ ದೊಡ್ಡದಾದ್ರೆ ತೆಗೆದುಬಿಡುತ್ತೆ ಅಂದ್ರು. ಮೇಲಕ್ಕೆ ಹಾಕಿಸಿದ್ದೀನಿ. ಇವತ್ತು ನೋಡೋಕೆ ಬರಬೇಕಿತ್ತು."

"ಅವನು ಎಲ್ಲಿಂದ ಬರ್ತಾನೆ? ತಗೊಂಡು ಹೋಗಿ ಅಂತ ನಾನು ಹೇಳ್ತಿದ್ದೀನಲ್ಲ."

"ಅಂಗಿ?"

"ಯಾವ ಅಂಗಿ?"

"ಒಂದು ಕೆನೆಬಣ್ಣದ್ದು. 'ನನ್ನ ಮಗಳು ತಂದಿದ್ದು, ಇರೋದರಲ್ಲಿ ಒಳ್ಳೇದು ಅದೇ, ಈ ಮರಿ ತುಂಬ ಅಳುಬುರುಕ, ಅದನ್ನೇ ಕೊಡ್ತೀನಿ' ಅಂದ್ರು. 'ಮೂರು ರಾತ್ರಿ ಹಾಕ್ಕೊಂಡು ಮಲಗಿದೀನಿ, ಭಾನುವಾರದ ಒಳಗೆ ಬಂದು ಒಯ್ದುಬಿಡು, ಆಮೇಲೆ ಮಗಳು ಒಗೆದುಬಿಡ್ತಾಳೆ' ಅಂತ ನಕ್ಕರು."

ಅವಳು ಮುಂದಿನ ಕೋಣೆಯ ಕಡೆ ಕೈ ತೋರಿಸಿದಳು. ಅವನು ಮಂಚದ ಕಡೆ ನೋಡಿದ. ಇಸ್ತ್ರಿಯ ಗೆರೆ ತೋಳಿನುದ್ದಕ್ಕೂ ನೇರವಾಗಿತ್ತು.

"ಒಗೆದ್ರಾ?" ಅಂದ, ಮೆಲ್ಲಗೆ.

ಅತ್ತೆ ಒಲೆಯ ಬಳಿ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಅಯ್ಯೋ, ಈ ಅಂಗಿ ಹುಚ್ಚು ಅವನಿಗೆ ಮೊದಲಿಂದ ಇತ್ತು," ಅಂದಳು. "ನಿನ್ನ ಟ್ರಂಕಿನಲ್ಲೂ ಒಂದು ತುರುಕಿ ಕಳಿಸಿದ್ದ ಕಣೇ. ನಿನ್ನ ಲಂಗಗಳ ಮೇಲೆ, ಸುತ್ತಿ ಇಟ್ಟಿದ್ದ. ಎಣ್ಣೆ, ಬೆವರು, ಕಮಟು ವಾಸನೆ. ಮಗು ಬಟ್ಟೆ ಮಧ್ಯೆ ಇದೇನು ಕೊಳಕು ಅಂತ ನಾನು ಬಿಸಿನೀರಲ್ಲಿ ಅದ್ದಿ ಒಗೆದೆ."

"ಎಲ್ಲಿದೆ ಅದು?"

"ಎಲ್ಲಿರುತ್ತೆ ಈಗ? ದಪ್ಪ ಬಟ್ಟೆ, ನೀರು ಚೆನ್ನಾಗಿ ಹೀರುತ್ತಿತ್ತು. ಜಗಲಿ ಒರೆಸೋಕೆ ಹಾಕಿದೆ. ನೀಲಿ ಚೌಕಳಿ. ನೀನೇ ಒರೆಸ್ತಿದ್ದೆಯಲ್ಲ? ಅವನೂ ಬಾಯಿ ಬಿಟ್ಟು ಹೇಳ್ಲಿಲ್ಲ. ನಾನೇನು ಕಂಡೆ?"

ಮಗಳು ಮುಂದಿನ ಕೋಣೆಗೆ ಹೋಗಿ, ಜನರ ನಡುವೆ ದಾರಿ ಮಾಡಿಕೊಂಡು, ಮಂಚದ ಮೇಲೆ ಬಗ್ಗಿ ಅಪ್ಪನ ಕಾಲರಿಗೆ ಮೂಗು ಹಚ್ಚಿದಳು. ಕೊನೆಗೂ ಮಗಳು ಅತ್ತಳೆಂದು ವ್ಯಾನಿನವಳು ಬೆನ್ನು ಸವರಿದಳು. ಅವಳು ಅಳುತ್ತಿರಲಿಲ್ಲ. ಉಸಿರೆಳೆಯುತ್ತಿದ್ದಳು.

ಗಾಡಿ ನಾಲ್ಕಕ್ಕೆ ಹತ್ತು ನಿಮಿಷ ಮುಂಚೆಯೇ ಬಂತು. ಪೇಂಟ್ ಅಂಗಡಿಯವನೂ ಇನ್ನು ಮೂವರೂ ಎತ್ತಿದರು. ಎಲ್ಲರೂ ಬೀದಿಗಿಳಿದರು. ಮೀಟರ್ ಓದುವವನು ಕೊನೆಯಲ್ಲಿದ್ದ.

"ರೀ," ಮಗಳು ಕರೆದಳು. "ಚಿಲಕ ಎಷ್ಟು ಮೇಲಕ್ಕೆ ಹಾಕಿಸಿದ್ದೀರಿ?"

ಅವನು ತನ್ನ ಎದೆಯ ಮಟ್ಟಕ್ಕೆ ಕೈ ಇಟ್ಟು ತೋರಿಸಿದ.

"ಊಟದ ಹೊತ್ತಿಗೆ ಬರ್ತೀನಿ. ಯಾವ ದಿನ ಅಂತ ಹೇಳಲ್ಲ. ನಾನು ನೋಡೋವರೆಗೂ ಮರಿ ಕೊಡಲ್ಲ."

"ಗಾಡಿ ಹೊರಡುತ್ತೆ ಬಾರೇ," ಅತ್ತೆ ಬೀದಿಯಿಂದ ಕೂಗಿದಳು.

"ಒಂದೇ ನಿಮಿಷ," ಎಂದು ಅವಳು ಹಿತ್ತಲಿಗೆ ಓಡಿದಳು.

ತಂತಿಯ ಮೇಲೆ ಬೆಳಗ್ಗೆ ಹಾಕಿದ ಬಟ್ಟೆಗಳು ಗಾಳಿಗೆ ಆಡುತ್ತಿದ್ದವು. ಮರಿಯೂ ಹಿಂದೆಯೇ ಬಂತು. ಅವಳು ಈ ತುದಿಯಿಂದ ಆ ತುದಿಯವರೆಗೆ ಒಂದೊಂದನ್ನೂ ಮುಖಕ್ಕೆ ಒತ್ತಿ ಮೂಸಿದಳು. ಕೆಳಗೆ, ನೆಲಕ್ಕೆ ತಾಗುವಂತಿದ್ದ ಹಾಸಿನ ಅಂಚನ್ನು ಮರಿ ಮೂಸಿತು, ಸೀನಿತು, ಬಿಟ್ಟಿತು.

ಹಾಸು ಒಂದು. ಹೊದಿಕೆ ಒಂದು. ದಿಂಬಿನ ಚೀಲ ಎರಡು. ಟವೆಲ್ ಎರಡು. ಪ್ಯಾಂಟ್ ಒಂದು. ಬನಿಯನ್ ಮೂರು. ಒಟ್ಟು ಹತ್ತು. ಹತ್ತೂ ಚೊಕ್ಕಟವಾಗಿದ್ದವು.