ಹಿಂದಿನ ಗೋಡೆಯ ಕಲ್ಲುದೋಣಿ

“ಇದು ಅಡುಗೆಮನೆ. ಇದು ಬಚ್ಚಲ ನೀರು ಆಚೆ ಹೋಗೋ ಕಲ್ಲುದೋಣಿ,” ಎಂದು ಸಂಘಮಿತ್ರಾ ತಾನು ಬರೆದ ನಕ್ಷೆಯ ಮೇಲೆ ಬೆರಳಿಟ್ಟಾಗ, ಬುತ್ತಿ ತಂದಿದ್ದ ಅಜ್ಜಿ ಉಚ್ಚಂಗಮ್ಮ ನಕ್ಕೇಬಿಟ್ಟಳು.

“ಬಚ್ಚಲ ದೋಣಿನ ಯಾರಾದ್ರೂ ಎದೆಮಟ್ಟಕ್ಕೆ ಇಡ್ತಾರೇನೇ? ಇಂಜಿನಿಯರಂತೆ!”

ಮಾತು ಸರಿಯಾಗಿತ್ತು. ತರೀಕೆರೆಯ ಈ ಹಳೇ ಛತ್ರವನ್ನು ಕೆಡವಿ ಅಂಗಡಿಸಾಲು ಕಟ್ಟುವ ಮುನ್ನ ಕಂಬ, ತೊಲೆ, ಕಿಟಕಿ ಒಂದನ್ನೂ ಬಿಡದೆ ಅಳೆದು ಬರೆದುಕೊಡುವ ಕೆಲಸ ಸಂಘಮಿತ್ರಾಳದು. ಕಟ್ಟಡ ಮಣ್ಣುಪಾಲಾದ ಮೇಲೆ ಉಳಿಯುವುದು ಈ ನಕ್ಷೆಯೊಂದೇ. ಇದರಲ್ಲಿ ತಪ್ಪಿದರೆ ಆ ತಪ್ಪೇ ಖಾಯಂ.

“ಮತ್ತೇನಜ್ಜಿ ಅದು?”

ಉಚ್ಚಂಗಮ್ಮನ ನಗು ನಿಂತಿತು. “ನಮ್ಮೋರಿಗೆ ನೀರು ಹುಯ್ಯೋದು ಕಣೇ. ನಮ್ಮನ್ನ ಮುಟ್ಟಬಾರ್ದು ಅಂತ ಒಳಗಿಂದ ಅವ್ರು ಹುಯ್ಯೋರು, ಹೊರಗೆ ನಾವು ಬೊಗಸೆ ಒಡ್ಡೋರು. ಲಿಂಗದಹಳ್ಳಿಯಿಂದ ಸಂತೆಗೆ ಬಂದಾಗೆಲ್ಲ ನಮ್ಮವ್ವನ ಜೊತೆ ನಾನೂ ಕುಡಿದಿದ್ದೀನಿ.” ಆಮೇಲೆ ಸೆರಗು ಕೊಡವಿದಳು. “ಅದೆಲ್ಲ ಬರೀಬ್ಯಾಡ. ಬಚ್ಚಲು ಅಂತ್ಲೇ ಇರ್ಲಿ. ನಾಚಿಕೆಗೇಡು.”

ಸಂಘಮಿತ್ರಾಳಿಗೆ ಮೈಯೆಲ್ಲ ಉರಿಯಿತು. ಒಂದೇ ಮನೆಯಲ್ಲಿ ಉಂಡು ಬೆಳೆದರೂ ಅಜ್ಜಿ ಈ ಮಾತನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. “ಇದ್ದದ್ದನ್ನ ಇದ್ದಂಗೆ ಬರೀತೀನಿ ಅಜ್ಜಿ,” ಎಂದಳು.

ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಛತ್ರದ ಕಮಿಟಿಯ ಸತೀಶ್ ನಡುವೆ ಬಾಯಿ ಹಾಕಿದ. “ಅಜ್ಜಿ ಹೇಳಿದ್ದೇ ಸರಿ ಮೇಡಂ. ನಕ್ಷೆನ ಹೊಸ ಕಟ್ಟಡದಲ್ಲಿ ಫ್ರೇಮ್ ಹಾಕಿಸ್ತೀವಿ. ನೋಡಿದೋರು ಏನಂದ್ಕಂಡಾರು? ನಮ್ಮ ತಾತ ಕಟ್ಸಿದ್ದು. ಮಾನ ಹೋಗ್ತದೆ.”

“ಯಾರ ಮಾನಪ್ಪಾ?” ಎಂದಳು ಉಚ್ಚಂಗಮ್ಮ.

ಮುದುಕಿ ಸತೀಶನತ್ತ ತಿರುಗಿದಳು.

“ಇಷ್ಟು ದಿನ ನಂದು ಹೋಗ್ತದೆ ಅಂದ್ಕಂಡಿದ್ದೆ. ನೀರು ಹುಯ್ದೋರ ಮಾನಕ್ಕೆ ನಾನ್ಯಾಕೆ ಬಾಯಿ ಮುಚ್ಕಂಡಿರ್ಲಿ?”

ಬುತ್ತಿಯನ್ನು ಜಗಲಿಯ ಮೇಲಿಟ್ಟು ಮುದುಕಿ ಸರಸರನೆ ಹಿಂದಿನ ಗೋಡೆಯ ಬಳಿ ಹೋದಳು. ದೋಣಿಯ ಕೆಳಗೆ ನಡು ಬಗ್ಗಿಸಿ, ಎರಡೂ ಅಂಗೈ ಜೋಡಿಸಿದಳು. “ಹಿಂಗೆ ಬಗ್ಗಬೇಕಿತ್ತು. ಅಳತೆ ತಗಳೇ.”

ಸಂಘಮಿತ್ರಾ ‘ಬಚ್ಚಲು’ ಎಂದು ಬರೆದದ್ದನ್ನು ಉಜ್ಜಿ ಅಳಿಸಿದಳು. “ತುದಿ ಹಿಡೀರಿ ಸತೀಶ್.” ಅವನು ಅಲುಗಾಡಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಸತೀಶ್ ಬಂದು ದೋಣಿಯ ಬಾಯಿಗೆ ಟೇಪನ್ನು ಒತ್ತಿ ಹಿಡಿದ. ಅವಳು ಅದನ್ನು ಅಜ್ಜಿಯ ಅಂಗೈವರೆಗೆ ಎಳೆದು ಅಳತೆ ಗುರುತಿಸಿಕೊಂಡಳು.

ಅಜ್ಜಿ ಇನ್ನೂ ಬಗ್ಗಿಯೇ ನಿಂತಿದ್ದಳು. “ಸಾಕಜ್ಜಿ, ಕೈ ಇಳಿಸು.”

“ಮೊದ್ಲು ಇದೇನು ಅಂತ ಬರ್ಕಾ,” ಎಂದಳು ಉಚ್ಚಂಗಮ್ಮ, ಬೊಗಸೆ ಬಿಡಿಸದೆ.