ಅಜ್ಜನ ಕಾರಿನ ಬಿರಡೆ

ಮಗಳನ್ನು ಮದುವೆಗೆ ಅಜ್ಜನ ಕಾಲದ ಕಾರಿನಲ್ಲೇ ಕರೆದೊಯ್ಯಬೇಕೆಂಬುದು ಅಪ್ಪನ ಹಟ. ಆದರೆ ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಂದ್ ಮಾಡುವ ಪುಟ್ಟ ನಲ್ಲಿ, ಕಾಕ್, ಸೋರುತ್ತಿತ್ತು. ಅಪ್ಪ ಅದನ್ನು ಬಿಚ್ಚಿ, ಒಳಗಿನ ಸವೆದ ಬೆಂಡಿನ ಬಿರಡೆ ತೆಗೆದು, ಹೊಸದನ್ನು ನೆನೆಸಿ ಉಬ್ಬಿಸಿ ಕೂರಿಸಿದರು. ಒಂದು ಹನಿಯೂ ಜಿನುಗಲಿಲ್ಲ. ಆದರೂ ಬೆಂಕಿಯ ಭಯಕ್ಕೆ ಮದುವೆಯವರೆಗೂ ಟ್ಯಾಂಕ್ ಬರಿದು ಮಾಡಿಟ್ಟರು.

ಮದುವೆಯ ಬೆಳಿಗ್ಗೆ ಪೆಟ್ರೋಲ್ ಸುರಿದದ್ದೇ ತಡ, ಕಾಕ್ ಮತ್ತೆ ಸೋರಿತು. ಪೆಟ್ರೋಲಿಲ್ಲದೆ ಒಣಗಿದ ಬಿರಡೆ ಕುಗ್ಗಿಹೋಗಿತ್ತು.

"ಸೋರಬಾರ್ದು ಅಂತ ಖಾಲಿ ಮಾಡಿದ್ರಿ, ಖಾಲಿ ಮಾಡಿದ್ದಕ್ಕೇ ಸೋರ್ತಾ ಇದೆ," ಎಂದರು ಅಮ್ಮ.

"ಮತ್ತೆ ನೆನೆಸಿದ್ರೆ ಸಂಜೆಗೆ ಸರಿಹೋಗುತ್ತೆ ಕಣೇ."

"ಸರಿ, ಬೀಗರಿಗೆ ಹೇಳಿ, ಬಿರಡೆ ನೆನೆಯೋವರೆಗೂ ಕಾಯ್ಲಿ ಅಂತ!"

ಮಗಳು ಸೋದರಮಾವನ ಸ್ಕೂಟರ್ ಹತ್ತಿ ಹೋದಳು. ಸಂಜೆ, ಬಿರಡೆ ನೆನೆದ ಮೇಲೆ, ಕಾಕ್ ಸೋರಲಿಲ್ಲ. ಖುಷಿಯಾದ ಅಪ್ಪ, ಯಾವುದಕ್ಕೂ ಇರಲಿ ಎಂದು ಟ್ಯಾಂಕ್ ಬರಿದು ಮಾಡಿದರು.