ಬಿಳಿ ನೌಕೆಯ ಬಾಗಿಲು

ಖಟ್ — ಹಿತ್ತಿಲ ಕಡೆಯಿಂದ ಒಂದು ಸದ್ದು, ಕಿವಿಗೆ ಬಿತ್ತು, ಬಿದ್ದು ಅಲ್ಲೇ ಒಂದು ಮೂಲೆ ಹಿಡಿದು ಕೂತಿತು, ಇವನು ತಲೆ ಎತ್ತಲಿಲ್ಲ, ಬೆಸುಗೆಯ ನೀಲಿ ಉರಿ ಬೇಕರಿ ಫ್ರಿಜ್ಜಿನ ತಾಮ್ರದ ಪೈಪಿನ ತುದಿ ನೆಕ್ಕುತ್ತಿದೆ, ಈಗ ಕೈ ಅಲುಗಿದರೆ ಮುಗೀತು, ಎಲ್ಲೋ ಸೂಜಿಮೊನೆಯಷ್ಟು ತೂತು ಉಳಿಯುತ್ತೆ, ಗ್ಯಾಸು ಸೋರುತ್ತೆ, ಆ ಬೇಕರಿಯವನು ನಾಳೆ ಅಂಗಡಿ ಮುಂದೆ ನಿಂತು ಬೀದಿಗೆಲ್ಲ ಕೇಳೋ ಹಾಗೆ ಬಾಯಿ ಮಾಡ್ತಾನೆ, ಏನಯ್ಯಾ ನಿನ್ನ ರಿಪೇರಿ, ಕೇಕಿನ ಕೆನೆಯೆಲ್ಲ ಕರಗಿ ಕೆರೆ ಆಯ್ತು, ಮಾಡಲಿ, ಇವನ ಬಾಯಿಗೇನು ಹೊಲಿಗೆ ಹಾಕಿದಾರಾ, ಫ್ರಿಜ್ಜಿನ ಬೆನ್ನನ್ನು ಒಲೆಗೆ ತಾಗಿಸಿ ಇಡೋ ಬುದ್ಧಿವಂತನಿಗೆ ಇನ್ನೇನು ಆಗಬೇಕು — ಮೇಲೆ ಅಕ್ಕನ ಮನೆಯಲ್ಲಿ ಹೊಲಿಗೆ ಯಂತ್ರ ಟಕಟಕಟಕ, ನಿಲ್ಲುತ್ತೆ, ಬಟ್ಟೆ ತಿರುಗಿಸ್ತಾಳೆ, ಮತ್ತೆ ಟಕಟಕ, ಮಧ್ಯಾಹ್ನದ ಬಿಸಿಲು ಶಟರಿನ ಕೆಳಗಿಂದ ನಾಲಗೆ ಚಾಚಿದೆ, ಇವನಿಗೆ ಬೆಳಗ್ಗೆಯಿಂದಲೇ ತಲೆ ಕಾದಿದೆ, ಬೆಳಗ್ಗೆಯಿಂದ ಏನು, ನಿನ್ನೆ ರಾತ್ರಿಯಿಂದ, ನಿನ್ನೆ ರಾತ್ರಿ ಮಕ್ಕಳನ್ನ ಮಲಗಿಸೋ ಕಥೆ ಕೆಟ್ಟುಹೋಯಿತು, ಕೆಡಿಸಿದವಳು ಟೀಚರಮ್ಮ.

ಟೀಚರಮ್ಮ ಅಂದರೆ ಅಕ್ಕನ ದೊಡ್ಡ ಮಗಳು, ಹದಿಮೂರು ತುಂಬಿದೆ, ಆ ಹೆಸರು ಇಟ್ಟವನು ಇವನೇ, ಗೋಡೆಗೆ ಮುಖ ಮಾಡಿ ಮಲಗ್ತಾಳೆ, ನಾನು ನಿನ್ನ ಕಥೆ ಕೇಳ್ತಿಲ್ಲಪ್ಪಾ ಅಂತಾಳೆ, ಕೇಳದವಳಿಗೆ ತಪ್ಪು ಮಾತ್ರ ಅದು ಹೇಗೆ ಕೇಳಿಸುತ್ತೋ, ಬಿಸಿ ಬಾಣಲೆಗೆ ನೀರು ಬಿದ್ದ ಹಾಗೆ ಚುಂಯ್ ಅಂತ ಎದ್ದು ಕೂರ್ತಾಳೆ, ಮಾಮ, ಆಕಾಶದಲ್ಲಿ ಗಾಳಿನೇ ಇಲ್ಲ, ನಿನ್ನ ನೌಕೆ ಢಂ ಅಂದಿದ್ದು ಯಾರಿಗೆ ಕೇಳಿಸ್ತು, ನೀನೇನು ಹೋಗಿ ನೋಡ್ಕೊಂಡು ಬಂದಿದೀಯೇನೇ, ಪುಸ್ತಕದಲ್ಲಿದೆ ಮಾಮ — ಪುಸ್ತಕದಲ್ಲಿದೆ, ಆ ಒಂದು ಮಾತಿಗೆ ಇವನ ಮೈಯೆಲ್ಲ ಉರಿಯುತ್ತೆ, ಏಳನೇ ಕ್ಲಾಸಿನ ವಿಜ್ಞಾನದ ಮೇಷ್ಟ್ರು ಬಂದು ಕಣ್ಣ ಮುಂದೆ ನಿಲ್ತಾರೆ, ಶೂನ್ಯ ಅಂದರೆ ಏನೋ, ಎದ್ದು ನಿಲ್ಲು, ಗೊತ್ತಿಲ್ವಾ, ಹಾಗಾದರೆ ತಲೆ ಬಗ್ಗಿಸಿ ಎಲ್ಲರಿಗೂ ಒಳಗೆ ಏನಿದೆ ತೋರಿಸು, ಕ್ಲಾಸಿಗೆ ಕ್ಲಾಸೇ ಹೋ ಅಂದಿತು, ಇವನು ಆಮೇಲೆ ಆ ಗೇಟಿನ ಕಡೆ ತಲೆ ಹಾಕಲಿಲ್ಲ, ಸೀದಾ ಬಂದು ಫ್ರಿಜ್ಜಿನ ಮೇಸ್ತ್ರಿಯ ಕೈಕೆಳಗೆ ಸೇರಿದ, ಹಾಗಾಗಿ ಇವನ ಆಕಾಶ ಪುಸ್ತಕದ್ದಲ್ಲ, ಇವನ ಆಕಾಶ ಬಾಗಿಲು ಹಾಕಿದ ಫ್ರಿಜ್ಜಿನ ಒಳಗಿನ ಕತ್ತಲೆ, ಅಲ್ಲಿನ ಚಳಿ, ಬಾಗಿಲು ತೆಗೆದಾಗ ಹೊತ್ತಿಕೊಳ್ಳೋ ಪುಟಾಣಿ ಬಲ್ಬು ಚಂದ್ರ, ಗೋಡೆಗೆ ಕಟ್ಟಿಕೊಳ್ಳೋ ಹಿಮದ ಪುಡಿ ನಕ್ಷತ್ರ, ಶನಿಯ ಸುತ್ತ ಇರೋದು ಬಾಗಿಲ ರಬ್ಬರು, ಅಯ್ಯೋ ಮಾಮ ಅದು ಐಸು, ಕಲ್ಲು, ಧೂಳು, ಐಸು ಅಂದೆಯಲ್ಲ, ಮತ್ತೆ ನಾನು ಹೇಳಿದ್ದೇನು — ಬೆಸುಗೆ ಕೂತಿತು, ಉರಿ ಆರಿಸಿದ, ಪೈಪಿಗೆ ಸೋಪಿನ ನೀರು ಸವರಿದ, ಗುಳ್ಳೆ ಏಳಲಿಲ್ಲ, ಸರಿ, ಗ್ಯಾಸಿನ ಸಿಲಿಂಡರು ಎಳೆದುಕೊಂಡ.

ಕಥೆ ಒಂದೇ, ಕೇಳೋ ಕಿವಿಗಳು ಮೂರು ಥರ, ಅದೇ ತಲೆನೋವು, ದೊಡ್ಡವಳಿಗೆ ತಪ್ಪು ಬೇಕು, ನಡುವಿನವಳಿಗೆ ಕಾರಣ ಬೇಕು, ಎಂಟು ವರ್ಷ, ಬಾಯಿ ತೆಗೆದರೆ ಯಾಕೆ, ಅವಳು ಯಾಕಮ್ಮ, ಬಾಗಿಲಿಗೆ ರಬ್ಬರು ಯಾಕೆ ಮಾಮ, ಒಳಗಿನ ಗಾಳಿ ಹೊರಗೆ ಹೋಗಬಾರದಲ್ಲ ಅದಕ್ಕೆ, ಹೋದರೆ, ಹೋದರೆ ಒಳಗಿರೋರಿಗೆ ಉಸಿರು ಕಟ್ಟುತ್ತೆ, ಹೊರಗೆ ಯಾಕೆ ಗಾಳಿ ಇಲ್ಲ, ಹೊರಗೆ ಇದ್ದಿದ್ದರೆ ರಬ್ಬರು ಬೇಕಿರಲಿಲ್ವಾ, ಬೇಕಿರಲಿಲ್ಲ ತಾಯೀ ಮಲಗು ಈಗ — ಇನ್ನು ಚಿಕ್ಕವನು, ಗುಂಡ, ನಾಲ್ಕು ವರ್ಷದ ಕ್ಯಾಪ್ಟನ್ನು, ಅವನಿಗೆ ತಪ್ಪೂ ಬೇಡ ಕಾರಣವೂ ಬೇಡ, ಖಟ್ ಬೇಕು, ಬಿಳಿ ನೌಕೆಯ ಬಾಗಿಲು ಮುಚ್ಚಿಕೊಳ್ಳೋ ಜಾಗ ಬಂದರೆ ಇವನು ನಾಲಗೆಯನ್ನು ಅಂಗುಳಕ್ಕೆ ಒತ್ತಿ ಖಟ್ ಅನ್ನಬೇಕು, ಮರೆತು ಮುಂದೆ ಹೋದರೆ ಹೊಟ್ಟೆ ಮೇಲೆ ಹತ್ತಿ ಕೂತು ಗುದ್ದುತ್ತಾನೆ, ಖಟ್ ಬಿಟ್ಟೆ, ಖಟ್ ಬಿಟ್ಟೆ, ಹೊಟ್ಟೆ ಅಂದರೆ ಅವನಿಗೆ ಆಟದ ಮೈದಾನ, ಅವನನ್ನು ಮಲಗಿಸೋದು ಅಂದರೆ ಎಮ್ಮೆಯನ್ನು ಮೇಲ್ಮಹಡಿಗೆ ಹತ್ತಿಸಿದ ಹಾಗೆ, ಅಕ್ಕ ಆ ಕಡೆ ಹೊಲೀತಾ ಕೂತಿರ್ತಾಳೆ, ಭಾವ ಲಾರಿ ಹತ್ತಿದರೆ ತಿಂಗಳುಗಟ್ಟಲೆ ಮುಖ ಇಲ್ಲ, ಅದಕ್ಕೆ ಇವನೊಂದು ಉಪಾಯ ಕಂಡುಕೊಂಡಿದ್ದ, ಖಟ್ ಆದ ಮೇಲೆ ಕ್ಯಾಪ್ಟನ್ ಅಲುಗಾಡಬಾರದು, ಮಾತಾಡಬಾರದು, ಯಾರು ಕರೆದರೂ ಓ ಅನ್ನಬಾರದು, ಅಮ್ಮ ಕರೆದರೂ, ಮಾಮ ಕರೆದರೂ, ಓ ಅಂದರೆ ನೌಕೆ ಕೆಳಗೆ ಬೀಳುತ್ತೆ, ಸುಮ್ಮನೆ ಇದ್ದರೆ ಕತ್ತಲೇಲಿ ಚಂದ್ರ ಬರುತ್ತೆ, ಎಂಥ ಮಂತ್ರ, ಹುಡುಗ ಕಣ್ಣು ಮುಚ್ಚಿ ಬೊಂಬೆ ಆಗ್ತಾನೆ, ಆಮೇಲೆ ಗೊರಕೆ, ಇವನು ಕತ್ತಲಲ್ಲಿ ಗೆದ್ದವನ ಹಾಗೆ ನಗ್ತಾನೆ.

ನಿನ್ನೆ ಅದೂ ಕೆಟ್ಟಿತು, ಟೀಚರಮ್ಮ ಎದ್ದು ಕೂತಳು, ಮಾಮ, ಹೊರಗಡೆಯಿಂದ ನೀನು ಬಾಗಿಲು ಹಾಕೋ ನೌಕೆ ಎಲ್ಲಾದರೂ ಇದೆಯಾ, ಒಳಗಿರೋರೇ ಹಾಕ್ಕೋಬೇಕು, ಇವನಿಗೆ ಇನ್ನೂ ಸಂಜೆಯ ಸಿಟ್ಟು ಆರಿರಲಿಲ್ಲ, ಸರಿ ಕಣಮ್ಮ, ಗುಂಡ ತಾನೇ ಒಳಗೆ ಕೂತ, ತಾನೇ ಬಾಗಿಲು ಎಳ್ಕೊಂಡ, ಖಟ್, ಮುಗೀತು, ಎಲ್ಲ ಬಿದ್ಕೊಳ್ಳಿ, ಗುಂಡ ಅಳೋಕೆ ಶುರು, ಚಂದ್ರ ಬರ್ಲಿಲ್ಲ ಮಾಮ, ನಾಳೆ ಬರುತ್ತೆ ಮಲಗೋ, ಯಾಕಮ್ಮ ಮಾತ್ರ ಒಂದೇ ಒಂದು ಯಾಕೆ ಕೇಳಲಿಲ್ಲ, ಕೆನ್ನೆ ದಿಂಬಿಗೆ ಒತ್ತಿಕೊಂಡು ಆ ಕಡೆ ತಿರುಗಿದ್ದಳು, ಏಟು ಬಿದ್ದ ಕೆನ್ನೆ ಅದು — ಬೀಳದೆ ಮತ್ತೇನು, ಸಂಜೆ ಹಿತ್ತಿಲಿಗೆ ಹೋದರೆ ಅಲ್ಲಿ ಕಥೆಯ ನೌಕೆಯಂಥ ಆ ಬಿಳಿ ಫ್ರಿಜ್ಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದಾಳೆ, ಒಂದು ಕೈಯಲ್ಲಿ ಅಕ್ಕನ ಕತ್ತರಿ, ಇನ್ನೊಂದು ಕೈಯಲ್ಲಿ ಗೇಣುದ್ದದ ರಬ್ಬರು, ಸತ್ತ ಹಾವಿನಮರಿ ಹಿಡಿದ ಹಾಗೆ, ಬಾಗಿಲ ಕೆಳಮೂಲೆಯಲ್ಲಿ ಗೇಣುದ್ದದ ಸೀಳು, ಆ ರಬ್ಬರು ಈಗ ಯಾವ ಅಂಗಡಿಯಲ್ಲೂ ಸಿಗಲ್ಲ, ತಾತನ ಕಾಲದ ಫ್ರಿಜ್ಜು, ದಪ್ಪ ಗೋಡೆ, ಕಾರಿನ ಬಾಗಿಲಿಗಿರೋ ಹಾಗೆ ಹೊರಗೆ ಹಿಡಿ, ಒಳಗೆ ಕೊಂಡಿ, ಬಿದ್ದರೆ ಹೊರಗಿಂದಲೇ ತೆಗೀಬೇಕು, ಹೊಸ ಹೋಟೆಲಿನವನು ಅಂದಕ್ಕೆ ಇಟ್ಕೋತೀನಿ, ಒಂದು ತಿರುಪೂ ಮುಟ್ಟಬೇಡ, ಇದ್ದ ಹಾಗೇ ಬೇಕು ಅಂದಿದ್ದ, ಅದಕ್ಕೇ ತಾನೆ ಇವನು ಬಾಗಿಲು ಕಳಚದೆ ಉಳಿಸಿದ್ದು, ಇಲ್ಲದಿದ್ದರೆ ಸತ್ತ ಫ್ರಿಜ್ಜು ಬಂದ ಕೂಡಲೇ ಮೊದಲು ಬಾಗಿಲು ತೆಗೆಯೋದು, ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದು, ಬಾಗಿಲು ಇರೋ ಸತ್ತ ಫ್ರಿಜ್ಜು ನನ್ನ ಹಿತ್ತಿಲಲ್ಲಿ ಕಂಡರೆ ನಿನ್ನ ಕೈ ಕಳಚಿ ಇಡ್ತೀನಿ ಕಣೋ, ಇದೊಂದಕ್ಕೆ ಇವನು ಬಾಗಿಲು ಕಳಚೋ ಬದಲು ಹಗ್ಗ ಸುತ್ತಿ ಗಂಟು ಹಾಕಿದ್ದ, ಆ ಹಗ್ಗ ಬಿಚ್ಚಿ ನೆಲದ ಮೇಲೆ ಬಿದ್ದಿದೆ, ಬಿಚ್ಚಿದವಳು ಇವಳೇ, ಮಾಮ ಅದು — ಅಂದಳು, ಅಷ್ಟರಲ್ಲಿ ಕೈ ಬೀಸಿ ಆಗಿತ್ತು, ಪಟಾರ್, ಸಿಟ್ಟಿಗೆ ಹಗ್ಗವನ್ನೆತ್ತಿ ತಗಡಿನ ಸೂರಿನ ಮೇಲೆ ಎಸೆದು ಬಂದ — ಗ್ಯಾಸಿನ ಮೀಟರಿನ ಮುಳ್ಳು ಏರುತ್ತಿದೆ, ಇನ್ನು ಸಾಕು, ಸಿಲಿಂಡರಿನ ಕೊಳಾಯಿ ತಿರುಗಿಸಿ ಮುಚ್ಚಿದ, ಸಿಳ್ಳೆ ಹೊಡೀತಾ ಕಂಪ್ರೆಸರಿಗೆ ಕಿವಿ ಕೊಟ್ಟ, ಗೊರ್ ಅಂತಿದೆ, ಬೇಕರಿಯವನ ಪುಣ್ಯ.

ಮೇಲೆ ಟಕಟಕ ನಿಂತಿತು, ಈ ಸಲ ಮತ್ತೆ ಶುರುವಾಗಲಿಲ್ಲ, ಮೆಟ್ಟಿಲ ಮೇಲಿಂದ ಅಕ್ಕನ ದನಿ, ಏ, ಗುಂಡ ಕೆಳಗಿದಾನೇನೋ, ಇಲ್ಲ ಅಕ್ಕ, ಇಲ್ಲ ಅಂದರೆ ಏನರ್ಥ, ನಿನ್ನ ಹತ್ರ ಹೋಗ್ತೀನಿ ಅಂತ ಆಗಲೇ ಇಳಿದು ಬಂದ್ನಲ್ಲೋ, ತಲೆ ಮೇಲೆ ಸ್ಟೀಲಿನ ಬಟ್ಟಲು ಬೇರೆ ಕವಿಚ್ಕೊಂಡಿದ್ದ, ಅಲ್ಲೇ ಎಲ್ಲೋ ಇರ್ತಾನೆ ನೋಡಕ್ಕ, ಬಟ್ಟಲು ಯಾಕಂತೆ ಅಂತ ನಗೋಕೆ ಬಾಯಿ ತೆಗೆದ, ಆಗ ಕಿವಿಯ ಮೂಲೆಯಲ್ಲಿ ಕೂತಿದ್ದ ಆ ಸದ್ದು ಎದ್ದು ನಿಂತಿತು — ಖಟ್ — ಯಾವಾಗ, ಅದು ಯಾವಾಗ, ಬೆಸುಗೆ ಮಾಡ್ತಿದ್ದಾಗ, ಆಮೇಲೆ ಸೋಪಿನ ನೀರು, ಆಮೇಲೆ ಗ್ಯಾಸು ತುಂಬಿದ್ದು, ಆಮೇಲೆ ಸಿಳ್ಳೆ, ಸಿಳ್ಳೆ ಹೊಡೆದೆನಾ ನಾನು, ಕೈಯಿಂದ ಸ್ಪ್ಯಾನರು ಬಿತ್ತು, ಬಿದ್ದ ಸದ್ದು ಕೇಳಿಸಲಿಲ್ಲ, ಓಡ್ತಿದಾನೆ, ಅಂಗಡಿಗೂ ಹಿತ್ತಿಲಿಗೂ ನಡುವೆ ಆ ಓಣಿ ಇಷ್ಟು ಉದ್ದ ಯಾವಾಗ ಆಯಿತು, ಭುಜ ಗೋಡೆಗೆ ಉಜ್ಜಿತು, ಬಾಗಿಲು ಕಳಚಿದ ಫ್ರಿಜ್ಜುಗಳೆಲ್ಲ ಬಾಯಿ ಬಿಟ್ಟುಕೊಂಡು ಸಾಲಾಗಿ ನಿಂತಿವೆ, ಒಂದು ಮಾತ್ರ ಬಾಯಿ ಮುಚ್ಚಿದೆ, ಬಿಳಿಯದು, ಬೆಳಗ್ಗೆ ಓರೆಯಾಗಿದ್ದ ಬಾಗಿಲು ಈಗ ಕೂತಿದೆ, ಹಿಡಿ ಕೆಳಗಿಳಿದಿದೆ, ಹಗ್ಗ ಸೂರಿನ ಮೇಲೆ, ಎಸೆದ ಜಾಗದಲ್ಲೇ, ಬಿಸಿಲು ಕಾಯಿಸ್ತಾ.

ಗುಂಡಾ, ಗುಂಡಾ, ಕಿರುಚಿದ, ಪಕ್ಕದ ಮನೆಯ ಕಿಟಕಿ ತೆರೆಯಿತು, ಫ್ರಿಜ್ಜು ಸುಮ್ಮನಿದೆ, ಓ ಅನ್ನೋ, ಒಂದು ಸಲ ಓ ಅನ್ನೋ ನಮ್ಮಪ್ಪಾ, ಯಾರು ಕರೆದರೂ ಓ ಅನ್ನಬಾರದು, ಅಮ್ಮ ಕರೆದರೂ, ಮಾಮ ಕರೆದರೂ, ಯಾರು ಹೇಳಿಕೊಟ್ಟಿದ್ದು, ನಾನೇ, ಈ ಬಾಯೇ, ಸುಟ್ಟು ಹಾಕಬೇಕು ಇದನ್ನ, ಬೆವರಿಗೆ ಹಿಡಿ ಜಾರುತ್ತಿದೆ, ಈ ಕೈಗೆ ಏನಾಯ್ತು, ದಿನಾ ಇಂಥ ನೂರು ಬಾಗಿಲು ತೆಗೆಯೋ ಕೈ, ಎಳೆದರೆ ಬರುತ್ತೆ, ಎಳೆಯೋದಿಲ್ಲ ಅಂತಿದೆ, ಎಳೆದರೆ ಒಳಗಿರೋದು ಕಾಣಿಸಿಬಿಡುತ್ತೆ, ನೆಲಕ್ಕೆ ಕೂತ, ಕೂತವನ ಕಣ್ಣಿನ ನೇರಕ್ಕೆ ಬಾಗಿಲ ಕೆಳಮೂಲೆ, ರಬ್ಬರಿಲ್ಲದ ಆ ಗೇಣುದ್ದದ ಸೀಳು, ಕಪ್ಪಗೆ, ಸೀಳಿನಲ್ಲಿ ಏನೋ ಬೆಳ್ಳಗೆ, ಒಂದು ಬೆರಳ ತುದಿ, ಉಗುರಿನ ಸುತ್ತ ಮಣ್ಣು, ಸುಮ್ಮನಿದೆ, ಸುಮ್ಮನಿದೆ — ಅಲ್ಲಾಡಿತು, ಅಲ್ಲಾಡಿತಾ, ಇವನ ಕಣ್ಣೇ ಅಲ್ಲಾಡಿತಾ, ಇಲ್ಲ, ಬೆರಳು ಒಳಗೆ ಹೋಯ್ತು, ಆ ಜಾಗದಲ್ಲಿ ಸೂಂ ಸೂಂ ಅಂತ ಒಂದು ಪುಟ್ಟ ಮೂಗು ಗಾಳಿ ಎಳೆಯೋ ಸದ್ದು, ಎದ್ದ, ಹಿಡಿ ಎಳೆದ, ಖಟ್.

ಗುಂಡನ ಮೈಯೆಲ್ಲ ಬೆವರು, ಮುಖ ಕೆಂಡದ ಹಾಗೆ, ಕೂದಲು ಹಣೆಗೆ ಅಂಟಿದೆ, ಬಟ್ಟಲು ಕಿವಿಯ ಮೇಲೆ ಜಾರಿದೆ, ಬೆಳಕಿಗೆ ಕಣ್ಣು ಕಿರಿದು ಮಾಡಿ ಗುರ್ ಅಂದ, ಯಾಕೆ ತೆಗೆದೆ ಮಾಮ, ಚಂದ್ರ ಬರ್ತಾ ಇತ್ತು, ಎತ್ತಿಕೊಂಡ, ಎದೆಗೆ ಒತ್ತಿದ, ಹುಡುಗ ಕೈಕಾಲು ಬಡಿದ, ಬಿಡು, ನಂಗೆ ಸುಸ್ತು, ನೀರು, ನೀನು ಓ ಅನ್ನೋದು ತಾನೆ ಕಣೋ, ಅಂದರೆ ಬೀಳ್ತೀನಲ್ಲ, ಉಸಿರು, ಉಸಿರು ಹೇಗಾಡಿದೆಯೋ, ತೂತಲ್ಲಿ, ಚಿಕ್ಕಕ್ಕ ಹೇಳಿದ್ಲು, ಮೂಗು ತೂತಿಗೆ ಇಟ್ಕೋ ಅಂತ — ಅಕ್ಕ ಓಡಿ ಬಂದು ಮಗನನ್ನು ಕಿತ್ತುಕೊಂಡಳು, ತೆರೆದ ಫ್ರಿಜ್ಜನ್ನು ನೋಡಿದಳು, ತಮ್ಮನನ್ನು ನೋಡಿದಳು, ನೆಲದ ಮೇಲೆ ಕೂತುಬಿಟ್ಟಳು, ಅವಳ ಹಿಂದೆ ಓಣಿಯ ಬಾಯಲ್ಲಿ ಯಾಕಮ್ಮ, ಇವನು ತಿರುಗಿದ ಕೂಡಲೇ ಅಂಗೈ ಕೆನ್ನೆಗೆ ಅಡ್ಡ ಹಿಡಿದಳು, ನಿನ್ನೆಯ ಕೆನ್ನೆಗೇ, ಗುಂಡನಿಗೂ ಹಗ್ಗ ಬಿಚ್ಚೋಕೆ ಬರುತ್ತೆ ಮಾಮ, ಅಂದಳು, ಅಡ್ಡ ಹಿಡಿದ ಕೈಯ ಹಿಂದಿನಿಂದ, ಮೊನ್ನೆ ಬಿಚ್ಚಿದ್ದ, ನಾನು ನೋಡ್ದೆ, ಹೇಳಿದ್ದರೆ ನೀನು ಅವನಿಗೆ ಹೊಡೀತಿದ್ದೆ, ಇಲ್ಲಿ ಗಾಳಿ ಹೊರಗಡೆ ಇದೆಯಲ್ಲ, ಅದಕ್ಕೆ ಇಲ್ಲಿ ರಬ್ಬರು ಬೇಡ, ನೀನೇ ಹೇಳಿದ್ದೆ — ಹೇಳಿದ್ದೆ, ಹೌದು, ಅರ್ಧ ನಿದ್ದೆಯಲ್ಲಿ, ಬೇಕಿರಲಿಲ್ಲ ತಾಯೀ ಅಂದಿದ್ದೆ, ದಿನಕ್ಕೆ ನೂರು ಸಲ ಕೇಳೋಳು, ಇವನು ಅವಳನ್ನು ಒಂದೇ ಒಂದು ಸಲ ಕೇಳಬೇಕಿತ್ತು, ನಿನ್ನೆ ಸಂಜೆ, ಕತ್ತರಿ ಹಿಡಿದು ಕೂತವಳನ್ನ, ಯಾಕೆ ಅಂತ, ಒಂದು ಮಾತು, ಕೈ ಮತ್ತೆ ಹಿಡಿಯ ಮೇಲೆ ಹೋಗಿದೆ, ಅದೇ ಕೈ, ಅವಳು ಅದನ್ನೇ ನೋಡ್ತಿದಾಳೆ, ಇಳಿಸಬೇಕು, ಇಳಿಸ್ತಿಲ್ಲ, ಕಣ್ಣು ಬಾಗಿಲ ಕೆಳಮೂಲೆಗೆ ಹೋಗುತ್ತೆ, ಅಲ್ಲಿ ಗೇಣುದ್ದಕ್ಕೆ ರಬ್ಬರಿಲ್ಲ, ಕತ್ತರಿ ಒಂದೇ ಸಮ ಓಡಿಲ್ಲ, ಕಚ್ಚಿ ಕಚ್ಚಿ ಹೋಗಿದೆ, ಆ ಸೀಳಿನಲ್ಲಿ ಒಂದು ಬೆರಳು, ಉಗುರಿನ ಸುತ್ತ ಮಣ್ಣು — ಗುಂಡ ಅಲ್ಲಿ ಅಮ್ಮನ ತೊಡೆಯ ಮೇಲೆ ನೀರು ಕುಡೀತಿದಾನೆ, ಗಟಗಟ ಕೇಳಿಸ್ತಿದೆ — ಇವನ ಕಣ್ಣಿಗೆ ಮಾತ್ರ ಇಲ್ಲಿ ಸೀಳಿನಲ್ಲಿ ಇನ್ನೂ ಬೆರಳು, ಬೆರಳು ಸುಮ್ಮನಿದೆ, ಗೇಣುದ್ದದ ಕಪ್ಪು, ಒಂದು ಬೆರಳು